ಪಹಣಿಯ ಖಾಲಿ ಕಾಲಂ

ಪಹಣಿ ಪತ್ರಿಕೆ ಕೈಗೆ ಬಂದರೆ ಮನೆಯವರು ಮೊದಲು ನೋಡುವುದು 9ನೇ ಕಾಲಂ. ಮಾಲೀಕನ ಹೆಸರು ಅಲ್ಲಿರುತ್ತದೆ. ಬ್ಯಾಂಕಿನವರ ಕಣ್ಣು 11ನೇ ಕಾಲಂ ಮೇಲೆ. ಸಾಲ, ಋಣ, ಬೇರೆಯವರ ಹಕ್ಕು ಏನಿದ್ದರೂ ಅಲ್ಲಿ ನಮೂದಾಗಬೇಕು. ಆದರೆ ಭಟ್ಕಳ, ಹೊನ್ನಾವರ, ಕುಮಟಾ ಸೀಮೆಯಲ್ಲಿ ಒಂದು ತಲೆಮಾರಿನ ಒಕ್ಕಲುಗಳ ಹಣೆಬರಹ ನಿಂತದ್ದು ಸಾಗುವಳಿದಾರನ ಹೆಸರು ಬರೆಯುವ 12ನೇ ಕಾಲಂ ಮೇಲೆ, ಅದರಲ್ಲೂ ಆ ಕಾಲಂನಲ್ಲಿ ಏನೂ ಬರೆಯದೆ ಬಿಟ್ಟ ಜಾಗದ ಮೇಲೆ. ಆ ಖಾಲಿ ಜಾಗವನ್ನು ‘ಒಕ್ಕಲು ಇಲ್ಲ’ ಎಂದು ಓದಬೇಕೋ, ‘ಒಕ್ಕಲು ಯಾರೆಂದು ಬರೆದಿಲ್ಲ’ ಎಂದು ಓದಬೇಕೋ, ‘ಇಲ್ಲಿ ಒಕ್ಕಲಿನ ಮಾತೇ ಬರುವುದಿಲ್ಲ’ ಎಂದು ಓದಬೇಕೋ? ಈಗ ಅದೇ ಪಹಣಿ ಕಂಪ್ಯೂಟರಿನೊಳಗಿದೆ. ಖಾಲಿ ಜಾಗವನ್ನು ಡೇಟಾಬೇಸಿನವರು ನಲ್ ಎನ್ನುತ್ತಾರೆ. ಡೇಟಾಬೇಸನ್ನು ಪ್ರಶ್ನೆ ಕೇಳುವ ಭಾಷೆ ಎಸ್‌ಕ್ಯೂಎಲ್. ನಲ್ ಅನ್ನು ನಿಭಾಯಿಸುವುದನ್ನು ಪ್ರೋಗ್ರಾಮರುಗಳು ತಮ್ಮ ಕಸುಬಿನ ಒಂದು ಸಣ್ಣ ತೊಡಕೆಂದು ಕಲಿತು ಮುಂದೆ ಹೋಗುತ್ತಾರೆ. ಭೂದಾಖಲೆಯ ಚರಿತ್ರೆಯ ಕಡೆಯಿಂದ ನೋಡಿದರೆ ಅದು ರುಜುವಾತಿನ ಹೊಣೆ ಯಾರದು ಎಂಬ ಹಳೆಯ ವ್ಯಾಜ್ಯವೇ. ಒಂದು ಕಾಲಕ್ಕೆ ಈ ತೀರ್ಮಾನ ಶಾನುಭೋಗರ ಕೈಯಲ್ಲಿತ್ತು, ಆಮೇಲೆ ಭೂ ನ್ಯಾಯಮಂಡಳಿಯ ಕೈಗೆ ಬಂತು, ಈಗ ಕ್ವೆರಿ, ಅಂದರೆ ಡೇಟಾಬೇಸಿಗೆ ಹಾಕುವ ಪ್ರಶ್ನೆ, ಬರೆಯುವವರ ಕೈ ಸೇರಿದೆ. ಮೊದಲಿನ ಇಬ್ಬರ ಎದುರು ನಿಂತು ಜನ ವಾದಿಸಬಹುದಿತ್ತು. ಮೂರನೆಯವರು ಯಾರೆಂಬುದೇ ಜನಕ್ಕೆ ತಿಳಿಯುವುದಿಲ್ಲ.

ಈ ಕರಾವಳಿಯ ಭೂಮಿ ಲೆಕ್ಕ ಬಹಳ ಹಳೆಯದು. ಕೆಳದಿಯ ಶಿವಪ್ಪ ನಾಯಕ 17ನೇ ಶತಮಾನದ ನಡುವಿನಲ್ಲಿ ಗದ್ದೆ ತೋಟಗಳ ಹುಟ್ಟುವಳಿ ಲೆಕ್ಕ ಹಾಕಿಸಿ ಕಂದಾಯ ಗೊತ್ತುಮಾಡಿದ. ಶಿಸ್ತು ಎಂದು ಹೆಸರಾದ ಆ ನಿಗದಿ ಮುಂದಿನ ಆಳ್ವಿಕೆಗಳಿಗೂ ಅಳತೆಗೋಲಾಯಿತು. ಶ್ರೀರಂಗಪಟ್ಟಣ ಬಿದ್ದ 1799ರಲ್ಲಿ ಕೆನರಾ ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಬಂದಾಗ ಅದರ ಮೊದಲ ಕಲೆಕ್ಟರಾಗಿ ಬಂದ ಥಾಮಸ್ ಮನ್ರೋ ಹುಡುಕಿಸಿದ್ದು ಶಾನುಭೋಗರ ಮನೆಗಳಲ್ಲಿ ಉಳಿದಿದ್ದ ಹಳೆಯ ಕಡತಗಳನ್ನೇ. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲಿನ ಮಸಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಲ್ಲಿ ಬರೆದ ಪುಸ್ತಕ ಕಡತ. ಅದರ ಗುಣವೂ ದೋಷವೂ ಒಂದೇ: ಒರೆಸಿ ಮತ್ತೆ ಬರೆಯಬಹುದು. ಬರೆಯದೆ ಬಿಟ್ಟದ್ದೂ ಬರೆದು ಒರೆಸಿದ್ದೂ ಮುಂದೊಂದು ದಿನ ಓದುವವರಿಗೆ ಒಂದೇ ಕಪ್ಪು ಬಟ್ಟೆ. ಇವೆರಡನ್ನೂ ಬೇರ್ಪಡಿಸಿ ಹೇಳಬಲ್ಲವರು ಅದನ್ನು ಇಟ್ಟುಕೊಂಡ ಮನೆತನದವರೊಬ್ಬರೇ. ಲೆಕ್ಕ ಬಟ್ಟೆಯ ಮೇಲಿದ್ದರೂ ಲೆಕ್ಕದ ಅರ್ಥ ಆ ಮನೆಯವರ ನೆನಪಿನಲ್ಲಿತ್ತು. ಶಾನುಭೋಗಿಕೆ ವಂಶಪಾರಂಪರ್ಯವಾಗಿ ಉಳಿದದ್ದಕ್ಕೆ, ಆ ಕುಟುಂಬಗಳಿಗೆ ಊರಿನಲ್ಲಿ ಅಷ್ಟು ಹಿಡಿತ ಬಂದದ್ದಕ್ಕೆ ಇದೂ ಒಂದು ಕಾರಣ. ಖಾಲಿ ಜಾಗಕ್ಕೆ ಅರ್ಥ ಹೇಳುವ ಅಧಿಕಾರ ಬರೆದದ್ದನ್ನು ಓದುವ ಅಧಿಕಾರಕ್ಕಿಂತ ದೊಡ್ಡದು. ಬರೆದದ್ದನ್ನು ಅಕ್ಷರ ಬಲ್ಲ ಬೇರೊಬ್ಬನೂ ಓದಿಯಾನು.

1862ರಲ್ಲಿ ಉತ್ತರ ಕೆನರಾ ಮದ್ರಾಸ್ ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ಅದರ ಬೆನ್ನಿಗೇ ಮುಂಬಯಿ ಪದ್ಧತಿಯ ಸರ್ವೆ ಬಂತು, ಗದ್ದೆಗೆ ನಂಬರ್ ಬಂತು, ಹಿಸ್ಸಾ ಬಂತು, ಅಚ್ಚು ಹಾಕಿಸಿದ ನಮೂನೆಗಳು ಬಂದವು. ಅಚ್ಚಿನ ನಮೂನೆ ತಂದ ದೊಡ್ಡ ಬದಲಾವಣೆಯೆಂದರೆ ಮನೆಕಟ್ಟಿದ ಹಾಗೆ ಕೊರೆದ ಕಾಲಂ. ಕಾಲಂ ಇಲ್ಲದ ಲೆಕ್ಕದಲ್ಲಿ ಹೇಳದ ಸಂಗತಿ ಕಣ್ಣಿಗೆ ಕಾಣುವುದಿಲ್ಲ. ಕಾಲಂ ಕೊರೆದ ಮೇಲೆ ಹೇಳದ್ದು ಖಾಲಿಯಾಗಿ ಎದ್ದು ಕಾಣುತ್ತದೆ. ಸರ್ಕಾರ ಮೊದಲು ಕೇಳಿದ ಪ್ರಶ್ನೆ ಒಂದೇ: ಈ ನಂಬರಿನ ಕಂದಾಯ ಕಟ್ಟುವವರು ಯಾರು? ಖಾತೆದಾರನ ಹೆಸರು ಸಿಕ್ಕರೆ ಕಚೇರಿಗೆ ಸಾಕಾಗಿತ್ತು. ಅವನ ಕೆಳಗೆ ಯಾರು ಉಳುತ್ತಾರೆ, ಯಾವ ಕರಾರಿನ ಮೇಲೆ ಉಳುತ್ತಾರೆ ಎಂಬ ಪ್ರಶ್ನೆ ಕಾನೂನಿನಲ್ಲಿ ಸ್ಪಷ್ಟವಾಗಿ ಬಂದದ್ದು 1903ರ ಮುಂಬಯಿ ಹಕ್ಕುದಾಖಲೆ ಕಾಯ್ದೆಯ ಹೊತ್ತಿಗೆ. ಪ್ರಶ್ನೆ ಬಂದ ಮಾತ್ರಕ್ಕೆ ಉತ್ತರ ಬರಲಿಲ್ಲ. ಇಲ್ಲಿನ ಗೇಣಿಯಲ್ಲಿ ಮುಖ್ಯವಾಗಿ ಎರಡು ಬಗೆ. ಮೂಲಗೇಣಿಯವನದು ಶಾಶ್ವತ ಹಕ್ಕು, ಗೇಣಿಯೂ ಖಾಯಂ, ಹೆಚ್ಚಾಗಿ ಕೈಯಲ್ಲೊಂದು ಪತ್ರವೂ ಇರುತ್ತಿತ್ತು. ಚಾಲಗೇಣಿಯವನು ಧಣಿ ಒಪ್ಪಿದಷ್ಟು ಕಾಲ ಉಳುವವನು. ಅವನ ಕರಾರು ಬಾಯಿಮಾತಿನದು, ಗೇಣಿ ಸಂದಿದ್ದಕ್ಕೆ ರಸೀದಿ ಇಲ್ಲ. ಊರಿಗೆಲ್ಲ ಗೊತ್ತಿರುವ ಒಕ್ಕಲು ಕಾಗದದಲ್ಲಿ ಮಾತ್ರ ಕಾಣಿಸಿಕೊಳ್ಳುತ್ತಿರಲಿಲ್ಲ. ಸಾಗುವಳಿಯ ಕಾಲಂನಲ್ಲಿ ಧಣಿಯ ‘ಸ್ವಂತ’ ಎಂಬ ಶಬ್ದ ಬೀಳಬಹುದಿತ್ತು, ಇಲ್ಲವೇ ಏನೂ ಬೀಳದೆ ಇರಬಹುದಿತ್ತು. ಇವೆರಡೂ ಒಂದೇ ಎಂದು ಹೇಳುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ‘ಸ್ವಂತ’ ಎಂಬುದು ಒಂದು ಹೇಳಿಕೆ. ಅದು ಸುಳ್ಳಾಗಿದ್ದರೆ ಸುಳ್ಳೆಂದು ತೋರಿಸಬಹುದು, ಬರೆದವನನ್ನು ಕೇಳಬಹುದು. ಖಾಲಿ ಜಾಗ ಏನನ್ನೂ ಹೇಳಿಲ್ಲ, ಹಾಗಾಗಿ ಅದನ್ನು ಸುಳ್ಳೆನ್ನಲು ಬರುವುದಿಲ್ಲ. ಬಡ ಒಕ್ಕಲಿಗೆ ಸುಳ್ಳು ನಮೂದಿಗಿಂತ ಮೌನವನ್ನು ಎದುರಿಸುವುದೇ ಕಷ್ಟವಾಗಿತ್ತು.

1940ರ ದಶಕದಲ್ಲಿ ದಿನಕರ ದೇಸಾಯಿಯವರು ಈ ಜಿಲ್ಲೆಯ ಗೇಣಿದಾರರನ್ನು ರೈತಕೂಟದಲ್ಲಿ ಸಂಘಟಿಸಿದಾಗ ಎದುರಾದದ್ದು ಗೇಣಿಯ ಭಾರ ಮಾತ್ರವಾಗಿರಲಿಲ್ಲ. ಉಳುವವನು ತಾನು ಉಳುವವನೆಂದು ತೋರಿಸಬೇಕಾದ ಭಾರವೂ ಇತ್ತು. ಉತ್ತರ ಕನ್ನಡ 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. 1963ರಲ್ಲಿ ವಂಶಪಾರಂಪರ್ಯದ ಗ್ರಾಮಾಧಿಕಾರ ರದ್ದಾಗಿ ಶಾನುಭೋಗರ ಜಾಗಕ್ಕೆ ಸಂಬಳದ ಗ್ರಾಮ ಲೆಕ್ಕಿಗರು ಬಂದರು. 1964ರ ಭೂಕಂದಾಯ ಕಾಯ್ದೆಯ 133ನೇ ಕಲಂ ಒಂದು ನಿಯಮ ಹಾಕಿತು: ಹಕ್ಕುದಾಖಲೆಯ ನಮೂದನ್ನು, ಅದು ತಪ್ಪೆಂದು ರುಜುವಾಗುವ ತನಕ ಅಥವಾ ಕಾನೂನುಬದ್ಧವಾಗಿ ಬದಲಾಗುವ ತನಕ, ನಿಜವೆಂದೇ ಭಾವಿಸಬೇಕು. ಇದಾದ ಮೇಲೆ ದೇವರಾಜ ಅರಸು ಸರ್ಕಾರದ ಭೂಸುಧಾರಣಾ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಅಂದು ಗೇಣಿಯ ಮೇಲಿದ್ದ ಜಮೀನುಗಳು ಸರ್ಕಾರಕ್ಕೆ ಸೇರಿದವು. ಉಳುತ್ತಿದ್ದವರು ನಮೂನೆ 7ರಲ್ಲಿ ಅರ್ಜಿ ಕೊಟ್ಟು ಅಧಿಭೋಗದ ಹಕ್ಕು ಪಡೆಯಬಹುದಾಯಿತು. ಕರಾವಳಿಯಲ್ಲಿ ಜನ ಇದನ್ನು ಡಿಕ್ಲರೇಶನ್ ಕೊಡುವುದು ಎಂದೇ ಕರೆದರು. ತಾಲ್ಲೂಕಿನ ಭೂ ನ್ಯಾಯಮಂಡಳಿಯ ಮುಂದೆ ಧಣಿಯ ಕಡೆಯವರು ಪಹಣಿ ತೋರಿಸುವರು: ಕಾಲಂನಲ್ಲಿ ಅರ್ಜಿದಾರನ ಹೆಸರಿಲ್ಲ. ಅರ್ಜಿದಾರ ನೆರೆಗದ್ದೆಯವರನ್ನು ಸಾಕ್ಷಿಗೆ ಕರೆತರುವನು. ಮಂಡಳಿ ಅಳೆಯಬೇಕಾಗಿದ್ದುದು ಕಾಗದದ ಮೌನವನ್ನೂ ಬಾಯಿಮಾತಿನ ಸಾಕ್ಷ್ಯವನ್ನೂ. ಇಲ್ಲಿ 133ನೇ ಕಲಮನ್ನು ಸೂಕ್ಷ್ಮವಾಗಿ ಓದಬೇಕು. ಅದು ನಿಜವೆಂದು ಭಾವಿಸಲು ಹೇಳುವುದು ನಮೂದನ್ನು. ನಮೂದೇ ಆಗದ ಜಾಗಕ್ಕೆ ಆ ಭಾವನೆ ಹೇಗೆ ಅನ್ವಯಿಸೀತು? ಹೆಸರಿದ್ದರೆ ಆ ಹೆಸರು ನಿಜವೆಂದು ಹೊರಡಬಹುದು. ಖಾಲಿ ಇದ್ದರೆ ಹೊರಡಲು ಏನೂ ಇಲ್ಲ, ವಿಚಾರಣೆ ನಡೆಸಲೇಬೇಕು. ಸರ್ಕಾರವೇ ಮುಂದೆ ಈ ಮಾತನ್ನು ಬೇರೆ ರೀತಿಯಲ್ಲಿ ಒಪ್ಪಿತು. ನಮೂನೆ 7 ಕೊಡಲು ಗಡುವು ವಿಸ್ತರಣೆಯಾಗುತ್ತ ಹೋಗಿ 1979ರ ಜೂನ್ 30ಕ್ಕೆ ಮುಗಿಯಿತು. ಅರ್ಜಿಯನ್ನೇ ಹಾಕದೆ ಉಳಿದವರಿಗಾಗಿ 1998ರಲ್ಲಿ 77ಎ ಕಲಮನ್ನು, ಅದರೊಂದಿಗೆ ನಮೂನೆ 7ಎಯನ್ನು ತರಲಾಯಿತು. ಅದಕ್ಕೆ ಮಿತಿಗಳಿದ್ದವು, ಷರತ್ತುಗಳಿದ್ದವು. ಆದರೂ ಅರ್ಜಿ ಇಲ್ಲ ಎಂಬುದಕ್ಕೆ ಹಕ್ಕಿಲ್ಲ ಎಂಬ ಅರ್ಥ ಹಚ್ಚಲಾಗದು ಎಂಬುದನ್ನು ಎರಡು ದಶಕದ ನಂತರ ಶಾಸನವೇ ಬರೆದುಕೊಂಡಂತಾಯಿತು.

ಭಟ್ಕಳದಲ್ಲಿ ಡಿಕ್ಲರೇಶನ್ ಬರೆಸುತ್ತಿದ್ದ ವರ್ಷಗಳಲ್ಲೇ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಇದೇ ಪ್ರಶ್ನೆ ಬೇರೆ ವೇಷದಲ್ಲಿ ಎದ್ದಿತ್ತು. ಐಬಿಎಂ ಕಂಪನಿಯ ಸ್ಯಾನ್ ಹೋಸೆ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದ ಇಂಗ್ಲೆಂಡ್ ಮೂಲದ ಎಡ್ಗರ್ ಎಫ್. ಕಾಡ್ 1970ರಲ್ಲಿ, ಮಾಹಿತಿಯನ್ನು ಸಾಲು–ಕಾಲಂಗಳ ಕೋಷ್ಟಕಗಳಾಗಿ ಇಟ್ಟು ಗಣಿತದ ನಿಯಮಗಳಂತೆ ಪ್ರಶ್ನಿಸಬಹುದೆಂದು ತೋರಿಸಿದ. ಅದೇ ಕಂಪನಿಯ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ 1974ರಲ್ಲಿ ಪ್ರಕಟಿಸಿದ ಸೀಕ್ವೆಲ್ ಎಂಬ ಭಾಷೆಯೇ ಮುಂದೆ ಎಸ್‌ಕ್ಯೂಎಲ್ ಆಯಿತು. 1986ರಲ್ಲಿ ಅದಕ್ಕೆ ಅಮೆರಿಕದ ಮಾನಕದ ಮುದ್ರೆ ಬಿತ್ತು. ಕೋಷ್ಟಕ ಎಂದಮೇಲೆ ಖಾಲಿ ಮನೆ ಇದ್ದೇ ಇರುತ್ತದೆ. ಅದಕ್ಕೆ ಕಾಡ್ 1979ರ ಲೇಖನದಲ್ಲಿ ಕೊಟ್ಟ ಪರಿಹಾರ ಮೂರು ಬೆಲೆಗಳ ತರ್ಕ. ಹೌದು, ಅಲ್ಲ ಎಂಬ ಎರಡು ಉತ್ತರಗಳ ಜೊತೆಗೆ ‘ಗೊತ್ತಿಲ್ಲ’ ಎಂಬ ಮೂರನೆಯದು. ಪೋಲೆಂಡಿನ ಯಾನ್ ಲುಕಾಸಿವಿಚ್ ಇಂಥದ್ದೊಂದು ತರ್ಕವನ್ನು 1920ರಲ್ಲೇ ಕಟ್ಟಿದ್ದ; ಕಾಡ್ ಅಂಥ ತರ್ಕವನ್ನು ಕಚೇರಿಯ ಲೆಕ್ಕಕ್ಕೆ ತಂದ. ನಲ್ ಯಾವುದಕ್ಕೂ ಸಮವಲ್ಲ, ಸೊನ್ನೆಗೂ ಅಲ್ಲ, ಇನ್ನೊಂದು ನಲ್‌ಗೂ ಅಲ್ಲ. ಎರಡು ಖಾಲಿ ಮನೆಗಳನ್ನು ಒಂದೇನಾ ಎಂದು ಕೇಳಿದರೆ ಬರುವ ಉತ್ತರ ‘ಗೊತ್ತಿಲ್ಲ’. ಅದಕ್ಕೇ ಖಾಲಿಯನ್ನು ಸಮಚಿಹ್ನೆ ಹಾಕಿ ಹುಡುಕಲು ಬರುವುದಿಲ್ಲ, ‘ಈಸ್ ನಲ್’ ಎಂದು ಪ್ರತ್ಯೇಕವಾಗಿಯೇ ಕೇಳಬೇಕು. ಭೂ ನ್ಯಾಯಮಂಡಳಿಯ ಎದುರು ಒಕ್ಕಲು ಬಯಸಿದ್ದ ನ್ಯಾಯ ಇದೇ. ತನ್ನ ಹೆಸರಿಲ್ಲದ ಜಾಗವನ್ನು ‘ಇಲ್ಲ’ ಎಂದು ಓದಬೇಡಿ, ‘ಗೊತ್ತಿಲ್ಲ’ ಎಂದು ಓದಿ ವಿಚಾರಿಸಿ ಎಂಬುದೇ ಅವನ ವಾದದ ತಿರುಳು.

ಆದರೆ ಎಸ್‌ಕ್ಯೂಎಲ್ ಈ ವಿವೇಕವನ್ನು ಅರ್ಧ ದಾರಿಯಲ್ಲಿ ಕೈಬಿಡುತ್ತದೆ. ಲೆಕ್ಕಕ್ಕೆಂದು ಒಂದು ಮಜರೆಯ 10 ಹಿಸ್ಸಾಗಳನ್ನು ತೆಗೆದುಕೊಳ್ಳೋಣ. ಸಾಗುವಳಿ ಕಾಲಂನಲ್ಲಿ 4 ಕಡೆ ‘ಸ್ವಂತ’ ಎಂದಿದೆ, 3 ಕಡೆ ಒಕ್ಕಲಿನ ಹೆಸರಿದೆ, 3 ಕಡೆ ಖಾಲಿ. ಸ್ವಂತ ಸಾಗುವಳಿ ಇರುವವನ್ನು ಕೊಡು ಎಂದರೆ 4 ಸಾಲು ಬರುತ್ತವೆ. ಸ್ವಂತ ಅಲ್ಲದವನ್ನು ಕೊಡು ಎಂದರೆ ಉಳಿದ 6 ಬರಬೇಕೆಂದು ಯಾರಾದರೂ ಭಾವಿಸುತ್ತಾರೆ, ಬರುವುದು 3. ಖಾಲಿ ಇದ್ದ 3 ಹಿಸ್ಸಾಗಳು ಎರಡೂ ಪಟ್ಟಿಯಲ್ಲಿಲ್ಲ. ಸಾಲುಗಳನ್ನು ಎಣಿಸಿದರೆ 10, ಸಾಗುವಳಿ ಕಾಲಮನ್ನು ಎಣಿಸಿದರೆ 7. ಹೆಸರಿರುವ ಮೂವರ ಗೇಣಿ 6 ಮುಡಿ, 9 ಮುಡಿ, ಇನ್ನೊಂದು ಖಾಲಿ ಎಂದಿದ್ದರೆ ಸರಾಸರಿ 7.5 ಮುಡಿ ಎಂದು ಬರುತ್ತದೆ. ಖಾಲಿಯ ಜಾಗದಲ್ಲಿ ಯಾರಾದರೂ ಸೊನ್ನೆ ತುಂಬಿದ್ದರೆ ಅದೇ ಸರಾಸರಿ 5ಕ್ಕೆ ಇಳಿಯುತ್ತದೆ. ಎರಡಕ್ಕೂ ಕಂಪ್ಯೂಟರು ಸಾಮಾನ್ಯವಾಗಿ ಯಾವ ಎಚ್ಚರಿಕೆಯನ್ನೂ ಕೊಡುವುದಿಲ್ಲ. ಇದಕ್ಕಿಂತ ಕೆಟ್ಟದ್ದೊಂದಿದೆ. ಸಾಲ ಪಡೆದವರ ಪಟ್ಟಿಯಲ್ಲಿ ‘ಇಲ್ಲದ’ ರೈತರನ್ನು ಕೊಡು ಎಂದು ‘ನಾಟ್ ಇನ್’ ಬಳಸಿ ಕೇಳಿದಾಗ, ಆ ಸಾಲಗಾರರ ಪಟ್ಟಿಯಲ್ಲಿ ಒಂದೇ ಒಂದು ಹೆಸರು ಖಾಲಿ ಇದ್ದರೂ ಉತ್ತರವಾಗಿ ಒಬ್ಬ ರೈತನೂ ಬರುವುದಿಲ್ಲ. ತರ್ಕ ಸರಿಯಾಗಿಯೇ ಇದೆ: ಹೆಸರಿಲ್ಲದ ಆ ಸಾಲಗಾರ ಇವರಲ್ಲೇ ಯಾರಾದರೂ ಆಗಿರಬಹುದು, ಹಾಗಾಗಿ ಯಾರ ಬಗ್ಗೆಯೂ ಖಚಿತವಾಗಿ ಹೇಳಲು ಬರುವುದಿಲ್ಲ. ಆದರೆ ಅದು ‘ಯಾರ ಬಗ್ಗೆಯೂ ಹೇಳಲಾರೆ’ ಎನ್ನುವ ಬದಲು ಖಾಲಿ ಪಟ್ಟಿಯನ್ನು ಮುಂದಿಡುತ್ತದೆ. ಅದನ್ನು ನೋಡುವ ಅಧಿಕಾರಿ ‘ಅಂಥವರು ಯಾರೂ ಇಲ್ಲ’ ಎಂದು ಓದುತ್ತಾರೆ.

ಇದರ ಮೂಲ ಎಲ್ಲಿದೆಯೆಂದರೆ, ‘ವೇರ್’ ಎಂಬ ಷರತ್ತು ನಿಜವೆಂದು ತೀರ್ಮಾನವಾದ ಸಾಲನ್ನು ಮಾತ್ರ ಉಳಿಸಿಕೊಳ್ಳುತ್ತದೆ. ಸುಳ್ಳಾದದ್ದನ್ನೂ ಗೊತ್ತಿಲ್ಲದ್ದನ್ನೂ ಒಟ್ಟಿಗೆ ಹೊರಗೆ ಹಾಕುತ್ತದೆ. ಹಾಗಾದರೆ ಈ ಭಾಷೆ ಗೊತ್ತಿಲ್ಲದ್ದರ ಬಗ್ಗೆ ಯಾವಾಗಲೂ ಕಠಿಣವೇ? ಇಲ್ಲ. ಮಾಹಿತಿಯನ್ನು ಒಳಗೆ ಬಿಡುವಾಗ ಪರೀಕ್ಷಿಸುವ ‘ಚೆಕ್’ ಎಂಬ ಇನ್ನೊಂದು ಷರತ್ತಿದೆ. ವಿಸ್ತೀರ್ಣ ಸೊನ್ನೆಗಿಂತ ಹೆಚ್ಚಿರಬೇಕು ಎಂದು ಅದರಲ್ಲಿ ಬರೆದರೆ, ವಿಸ್ತೀರ್ಣವೇ ಖಾಲಿ ಇರುವ ಸಾಲನ್ನು ಅದು ತಡೆಯುವುದಿಲ್ಲ. ಸುಳ್ಳೆಂದು ರುಜುವಾಗದ ತನಕ ಒಳಗೆ ಬಿಡುತ್ತದೆ. ಒಂದೇ ಭಾಷೆಯಲ್ಲಿ ಎರಡು ನೀತಿ. ಬಾಗಿಲಲ್ಲಿ ಸಂಶಯದ ಲಾಭ ಸಾಲಿಗೆ. ಪಟ್ಟಿ ಮಾಡುವಾಗ ಸಂಶಯದ ನಷ್ಟ ಸಾಲಿಗೆ. ನ್ಯಾಯಾಲಯ ಬಲ್ಲವರಿಗೆ ಇದು ಹೊಸದಲ್ಲ. ಕ್ರಿಮಿನಲ್ ಮೊಕದ್ದಮೆಯಲ್ಲಿ ಹೊಣೆ ಸರ್ಕಾರದ್ದು, ಹಕ್ಕು ಕೇಳುವ ದಾವೆಯಲ್ಲಿ ಕೇಳಿದವನದು. ಅಲ್ಲಿ ಹೊಣೆ ಯಾರದೆಂದು ಮೊದಲೇ ಹೇಳಿರುತ್ತಾರೆ, ಎರಡೂ ಕಡೆಯವರಿಗೆ ಅದು ಗೊತ್ತಿರುತ್ತದೆ. ಕ್ವೆರಿಯಲ್ಲಿ ಅದು ಯಾರೂ ಹೇಳದೆಯೇ ತೀರ್ಮಾನವಾಗಿಬಿಡುತ್ತದೆ, ಎಷ್ಟೋ ಸಲ ಬರೆದವರಿಗೂ ಗೊತ್ತಿಲ್ಲದೆ.

ಕರ್ನಾಟಕದ ಭೂಮಿ ಯೋಜನೆಯ ನಂತರ ಈ ಮಾತಿಗೆ ತೂಕ ಬಂತು. ರಾಷ್ಟ್ರೀಯ ಮಾಹಿತಿ ಕೇಂದ್ರದ ತಂತ್ರಾಂಶದೊಂದಿಗೆ, ರಾಜೀವ್ ಚಾವ್ಲಾ ಅವರ ಮುಂದಾಳತ್ವದಲ್ಲಿ, 2000ದ ಆಸುಪಾಸಿನಲ್ಲಿ ತಾಲ್ಲೂಕು ತಾಲ್ಲೂಕಿನ ಕೈಬರಹದ ಪಹಣಿಗಳು ಕಂಪ್ಯೂಟರಿಗೆ ಏರಿದವು. ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿ ದಾಖಲೆಗಳು. 15 ರೂಪಾಯಿ ಕೊಟ್ಟರೆ ತಾಲ್ಲೂಕು ಕಚೇರಿಯ ಕಿಯಾಸ್ಕಿನಲ್ಲಿ ಪಹಣಿ ಕೈಗೆ ಬರುವಂತಾಯಿತು. ಗಣಕೀಕರಣ ಮುಗಿದ ತಾಲ್ಲೂಕಿನಲ್ಲಿ ಕೈಬರಹದ ಪಹಣಿಗೆ ಬೆಲೆ ಹೋಯಿತು. ಪಹಣಿಗಾಗಿ ಲೆಕ್ಕಿಗರ ಹಿಂದೆ ಅಲೆಯಬೇಕಿದ್ದ ರೈತನಿಗೆ ಇದು ದೊಡ್ಡ ಬಿಡುಗಡೆ, ಅದನ್ನು ಕಡಿಮೆಯೆಂದು ಹೇಳುವ ಮಾತೇ ಇಲ್ಲ. ಈ ಲೇಖನದ ಆತಂಕ ಬೇರೆ. ಕಾಗದದ ಮೇಲಿನ ಖಾಲಿ ಒಂಟಿಯಾಗಿರುವುದಿಲ್ಲ. ಮಗ್ಗುಲಿನಲ್ಲಿ ಒಂದು ಪೆನ್ಸಿಲ್ ಟಿಪ್ಪಣಿ, ಹಿಂದಿನ ವರ್ಷದ ಸಾಲಿನಲ್ಲಿ ಬೇರೆ ಶಾಯಿಯ ಹೆಸರು, ಹೊಡೆದುಹಾಕಿದ ಗೀಟಿನ ಪಕ್ಕ ಒಂದು ಸಣ್ಣ ಸಹಿ, ಮೇಲಿನದ್ದನ್ನೇ ತೋರಿಸುವ ‘ಸದರಿ’ ಎಂಬ ಶಬ್ದ ಇರಬಹುದು. ಓದಬಲ್ಲವರಿಗೆ ಅವು ಖಾಲಿಯ ಕಾರಣ ಹೇಳುತ್ತವೆ. ಕಾಲಂನಿಂದ ಕಾಲಂಗೆ ನಕಲು ಮಾಡುವಾಗ ದಾಟಿಬರುವುದು ಕಾಲಂನ ಒಳಗಿದ್ದದ್ದು ಮಾತ್ರ. ಮಗ್ಗುಲಿನದಕ್ಕೆ ಕಾಲಂ ಇಲ್ಲದಿದ್ದರೆ ಅದು ಹಿಂದೆಯೇ ಉಳಿಯುತ್ತದೆ, ಕಾರಣ ಕಳೆದುಕೊಂಡ ಖಾಲಿಯೊಂದು ಮುಂದೆ ಬರುತ್ತದೆ.

ಕಾರಣಗಳು ಎಷ್ಟು ಬಗೆಯವೆಂದು ನೋಡಲು ಈ ಕರಾವಳಿಯನ್ನೇ ತೆಗೆದುಕೊಳ್ಳಬಹುದು. ಭಟ್ಕಳಕ್ಕೆ ಅಂಟಿಕೊಂಡ ಜಾಲಿ ಹಿಂದೆ ಗ್ರಾಮ ಪಂಚಾಯಿತಿಯಾಗಿತ್ತು, ಆಮೇಲೆ ಪಟ್ಟಣ ಪಂಚಾಯಿತಿಯಾಯಿತು. ಸಮುದ್ರದ ದಂಡೆ, ತೆಂಗು, ಗದ್ದೆ ಇದ್ದ ಊರಿನಲ್ಲಿ ಕೊಲ್ಲಿ ದೇಶಗಳ ದುಡಿಮೆ ಕಟ್ಟಿಸಿದ ಮನೆಗಳು ಎದ್ದಿವೆ. ಗದ್ದೆ ಎನ್.ಎ. (ಕೃಷಿಯೇತರ) ಆಗಿ ಮನೆ ನಿಂತ ನಂಬರಿನಲ್ಲಿ ಬೆಳೆಯ ಕಾಲಂ ಖಾಲಿ ಇದ್ದರೆ ಅದರರ್ಥ ಅಲ್ಲಿ ಬೆಳೆಯ ಪ್ರಶ್ನೆಯೇ ಇಲ್ಲ. ಕುಮಟಾದ ಅಘನಾಶಿನಿ ಅಳಿವೆಯ ಗಜನಿ ಭೂಮಿಗೆ ಬಂದರೆ ಕಥೆ ಬೇರೆ. ಮಳೆಗಾಲದಲ್ಲಿ ಉಪ್ಪುನೀರು ತಡೆದುಕೊಳ್ಳುವ ಕಗ್ಗ ಭತ್ತ, ಕೊಯ್ಲಾದ ಮೇಲೆ ಅದೇ ಗದ್ದೆಗೆ ಅಳಿವೆಯ ನೀರು ಬಿಟ್ಟು ಸಿಗಡಿ, ಮೀನು. ಬೇಸಿಗೆಯ ಬೆಳೆಯ ಜಾಗ ಖಾಲಿ ಇದ್ದರೆ ಭೂಮಿ ಪಾಳು ಎಂದಲ್ಲ. ಅಲ್ಲಿ ಆಗುವ ಹುಟ್ಟುವಳಿಗೆ ನಮೂನೆಯಲ್ಲಿ ಜಾಗವಿಲ್ಲ ಅಷ್ಟೇ. ಹೊನ್ನಾವರದ ಒಳಭಾಗದ ತೋಟವೊಂದರಲ್ಲಿ ಅದೇ ಕಾಲಂ ಖಾಲಿ ಇದ್ದರೆ, ಆ ವರ್ಷ ಬೆಳೆ ಸಮೀಕ್ಷೆಗೆ ಯಾರೂ ಗುಡ್ಡ ಹತ್ತಿಲ್ಲ ಎಂದಿರಬಹುದು. ಮೂರು ಖಾಲಿಗೆ ಮೂರು ಅರ್ಥ, ಡೇಟಾಬೇಸಿನಲ್ಲಿ ಮೂರಕ್ಕೂ ಒಂದೇ ನಲ್. ಕಾಡ್‌ಗೆ ಇದು ಗೊತ್ತಿತ್ತು. 1990ರ ತನ್ನ ಗ್ರಂಥದಲ್ಲಿ ಆತ ಎರಡು ಗುರುತುಗಳನ್ನು ಸೂಚಿಸಿದ: ಇರಬೇಕಾದದ್ದು ಸಿಕ್ಕಿಲ್ಲ ಎಂಬುದಕ್ಕೊಂದು, ಇರಲು ಬರುವುದೇ ಇಲ್ಲ ಎಂಬುದಕ್ಕೊಂದು. ಅದಕ್ಕೂ ಮುಂಚೆ 1975ರಲ್ಲೇ ಅಮೆರಿಕದ ಮಾನಕ ಸಮಿತಿಯ ಮಧ್ಯಂತರ ವರದಿ ಖಾಲಿಯ 14 ಬಗೆಗಳನ್ನು ಪಟ್ಟಿಮಾಡಿತ್ತು. ಎಸ್‌ಕ್ಯೂಎಲ್ ಮಾನಕ ಮಾತ್ರ ಒಂದೇ ಗುರುತಿನಲ್ಲಿ ನಿಂತಿತು.

ಭಟ್ಕಳದಿಂದ ಒಳನಾಡಿನ ಕಡೆ ಹೊರಟರೆ ಹಾಡುವಳ್ಳಿ, ಸಂಗೀತಪುರವೆಂದು ಹೆಸರಾಗಿದ್ದ ಜೈನ ಕೇಂದ್ರ. ಅದರ ಮಠದ ಪರಂಪರೆಗೆ ಸೇರಿದ ಭಟ್ಟಾಕಳಂಕದೇವ 1604ರಲ್ಲಿ ಕರ್ನಾಟಕ ಶಬ್ದಾನುಶಾಸನ ಬರೆದ. ಪಾಣಿನಿಯಿಂದ ಹಿಡಿದು ನಮ್ಮ ವ್ಯಾಕರಣ ಪರಂಪರೆಗೆ ಕಾಣದಿರುವುದನ್ನು ಗುರುತಿಸುವ ಒಂದು ಖಚಿತ ಕ್ರಮವಿದೆ. ಶಾಲೆಯ ಮಕ್ಕಳೂ ಕಲಿಯುವ ಲೋಪಸಂಧಿ ಅದರದೇ ತುಂಡು. ‘ಊರು’ ಮತ್ತು ‘ಅಲ್ಲಿ’ ಕೂಡಿ ‘ಊರಲ್ಲಿ’ ಆದಾಗ ಹೋದದ್ದು ಯಾವ ಅಕ್ಷರ, ಯಾವ ಜಾಗದಲ್ಲಿ, ಯಾವ ನಿಯಮದಿಂದ ಎಂಬುದನ್ನು ವೈಯಾಕರಣ ಹೇಳಬಲ್ಲ. ಹಳೆಯ ಶಾಸ್ತ್ರದಲ್ಲಿ ಕಂಪ್ಯೂಟರನ್ನು ಹುಡುಕುವ ಚಪಲ ನನಗಿಲ್ಲ. ವ್ಯಾಕರಣದ ಲೋಪ ಅಜ್ಞಾನದ ಗುರುತಲ್ಲ, ಹಾಗಾಗಿ ಅದು ನಲ್ ಅಲ್ಲ. ಇಷ್ಟನ್ನು ಮಾತ್ರ ಹೇಳಬಹುದು: ಇಲ್ಲದಿರುವುದಕ್ಕೂ ಕಾರಣ ಬರೆದಿಡಬೇಕೆಂಬ ಶಿಸ್ತು ಈ ಸೀಮೆಯ ವಿದ್ಯೆಗೆ ಹೊರಗಿನಿಂದ ಬರಬೇಕಾದದ್ದೇನಲ್ಲ.

ನಲ್ ಬಗ್ಗೆಯೇ ಒಂದು ಬಲವಾದ ಆಕ್ಷೇಪವಿದೆ. ಕಾಡ್‌ನ ಒಡನಾಡಿಯಾಗಿದ್ದ ಕ್ರಿಸ್ ಡೇಟ್ ದಶಕಗಳ ಕಾಲ ವಾದಿಸಿದ್ದು, ನಲ್ ಎಂಬುದೇ ಇರಬಾರದು ಎಂದು. ಮೂರು ಬೆಲೆಗಳ ತರ್ಕದಲ್ಲಿ ಮನುಷ್ಯರು ಯೋಚಿಸುವುದಿಲ್ಲ, ಅದಕ್ಕೇ ತಪ್ಪುತ್ತಾರೆ. ಖಾಲಿ ಬಿಡುವ ಬದಲು ಪ್ರತಿ ಕಾಲಂಗೂ ನಿಗದಿಯಾದ ಒಂದು ಬೆಲೆ ತುಂಬಿ, ಅಥವಾ ಕೋಷ್ಟಕವನ್ನೇ ಒಡೆದು ಗೊತ್ತಿರುವುದನ್ನು ಮಾತ್ರ ಬರೆಯಿರಿ ಎಂಬುದು ಆ ಪಕ್ಷ. ಎರಡನೆಯ ಸಲಹೆ ತತ್ವದಲ್ಲಿ ಸರಿ. ಮೊದಲನೆಯದನ್ನು ಕಚೇರಿಗಳು ಬಹಳ ಹಿಂದೆಯೇ ಪ್ರಯೋಗಿಸಿ ನೋಡಿವೆ, ಫಲ ನಮ್ಮ ಕಣ್ಣ ಮುಂದಿದೆ. ಕಾಲಂ ತುಂಬಲೇಬೇಕೆಂದು ಕಡ್ಡಾಯ ಮಾಡಿದಾಗ ಬರೆಯುವವರು ಗೀಟು ಎಳೆಯುತ್ತಾರೆ, ಸೊನ್ನೆ ಹಾಕುತ್ತಾರೆ, ಹುಟ್ಟಿದ ದಿನ ಗೊತ್ತಿಲ್ಲದವರಿಗೆ ಜನವರಿ 1 ಎಂದು ಬರೆಯುತ್ತಾರೆ. ಖಾಲಿ ಹೋಗುತ್ತದೆ, ಅಜ್ಞಾನ ಉಳಿಯುತ್ತದೆ, ಅದೂ ಜ್ಞಾನದ ವೇಷದಲ್ಲಿ. ಇದರ ಅತಿ ದೊಡ್ಡ ನಿದರ್ಶನ 9ನೇ ಕಾಲಂನಲ್ಲೇ ಇದೆ. ಎಂದೋ ತೀರಿಹೋದ ಅಜ್ಜನ ಹೆಸರು ಇನ್ನೂ ಮಾಲೀಕನಾಗಿ ನಿಂತಿರುವ ಪಹಣಿಗಳು ರಾಜ್ಯದಲ್ಲಿ ಎಷ್ಟಿವೆಯೆಂದು ಪಹಣಿಗೆ ಆಧಾರ್ ಜೋಡಿಸಲು ಹೊರಟಾಗ ಕಂದಾಯ ಇಲಾಖೆಗೆ ಕಂಡಿತು. ತೀರಿಹೋದವರ ಖಾತೆಯನ್ನು ವಾರಸುದಾರರ ಹೆಸರಿಗೆ ಬದಲಿಸುವ ಪೌತಿ ಖಾತೆಯ ಅಭಿಯಾನ ಬಂದದ್ದು ಅದಕ್ಕೇ. ಆ ಕಾಲಂ ಭರ್ತಿಯಾಗಿದೆ, ಆದರೆ ಈಗಿನ ಮಾಲೀಕ ಯಾರು ಎಂಬ ಪ್ರಶ್ನೆಗೆ ಅದು ಖಾಲಿ. ಇಂಥ ತುಂಬಿದ ಖಾಲಿಯನ್ನು ಯಾವ ‘ಈಸ್ ನಲ್’ ಕೂಡ ಹಿಡಿಯಲಾರದು. ಎರಡರಲ್ಲಿ ಒಂದನ್ನು ಆರಿಸಬೇಕಾದರೆ ನಾನು ಪ್ರಾಮಾಣಿಕವಾದ ಖಾಲಿಯನ್ನೇ ಆರಿಸುತ್ತೇನೆ. ಕನಿಷ್ಠ ಅದನ್ನು ಹುಡುಕಲು ಬರುತ್ತದೆ.

ಇನ್ನೊಂದು ಆಕ್ಷೇಪ ಆಡಳಿತದ ಕಡೆಯಿಂದ ಬರುತ್ತದೆ. ಅತಿವೃಷ್ಟಿಯಾದಾಗ ಪರಿಹಾರದ ಪಟ್ಟಿ ವಾರದೊಳಗೆ ಆಗಬೇಕು; ಎಲ್ಲ ಖಾಲಿಗಳ ಹಿಂದೆ ಹೋಗಿ ಕಾರಣ ಕೇಳುತ್ತ ಕುಳಿತರೆ ಗೊತ್ತಿರುವವರಿಗೂ ದುಡ್ಡು ಸಿಗುವುದಿಲ್ಲ. ಮಾತು ನ್ಯಾಯವೇ. ಗೊತ್ತಿರುವವರಿಗೆ ಮೊದಲು ಕೊಡಿ ಎನ್ನುವುದಕ್ಕೆ ಯಾರ ತಕರಾರೂ ಇರಬೇಕಿಲ್ಲ. ಆದರೆ ಅದಕ್ಕಾಗಿ ಗೊತ್ತಿಲ್ಲದವರನ್ನು ಅನರ್ಹರ ಜೊತೆ ಸೇರಿಸಬೇಕಾಗಿಲ್ಲ. ಅರ್ಹರ ಪಟ್ಟಿ ತೆಗೆಯುವ ಕ್ವೆರಿಯ ಜೊತೆಗೇ, ಅದೇ ಷರತ್ತಿಗೆ ‘ಈಸ್ ನಲ್’ ಹಾಕಿ ಇನ್ನೊಂದು ಪಟ್ಟಿ ತೆಗೆಯಲು ಹಿಡಿಯುವುದು ಎರಡು ಸಾಲಿನ ಬರವಣಿಗೆ. ಅರ್ಹರು, ಅನರ್ಹರು, ತೀರ್ಮಾನವಾಗದವರು ಎಂಬ ಮೂರು ಮೊತ್ತ ಕೂಡಿದರೆ ಒಟ್ಟು ಸಾಲುಗಳ ಲೆಕ್ಕ ಬರಬೇಕು. ಬಾರದಿದ್ದರೆ ಎಲ್ಲೋ ನಲ್ ನುಂಗಿದೆ. ಮೂರನೆಯ ಪಟ್ಟಿ ಗ್ರಾಮ ಆಡಳಿತ ಅಧಿಕಾರಿಯ ಕೈಗೆ ಹೋದರೆ ಆತ ಯಾವ ಯಾವ ಮನೆಗೆ ಹೋಗಬೇಕೆಂಬುದು ಅದರಲ್ಲೇ ಇರುತ್ತದೆ. ಖಾಲಿಯ ಜಾಗದಲ್ಲಿ ಬೇರೊಂದು ಬೆಲೆ ಇಟ್ಟು ತೋರಿಸುವ ‘ಕೋಅಲೆಸ್’ ಎಂಬ ಸೌಲಭ್ಯವನ್ನು ಇಲ್ಲಿ ಬಹಳ ಎಚ್ಚರದಿಂದ ಬಳಸಬೇಕು. ಅಚ್ಚು ಹಾಕಿ ಕೊಡುವ ಪತ್ರದಲ್ಲಿ ‘ನಮೂದಿಲ್ಲ’ ಎಂದು ತೋರಿಸಲು ಅದು ಬಹಳ ಒಳ್ಳೆಯದು. ಮೊತ್ತ ಕೂಡುವ ಮುಂಚೆ ಖಾಲಿಯನ್ನು ಸೊನ್ನೆ ಮಾಡಲು ಅದನ್ನೇ ಬಳಸಿದರೆ, ಹಿಂದೆ ಕಡತ ಒರೆಸಿದ ಕೈ ಮಾಡುತ್ತಿದ್ದ ಕೆಲಸವನ್ನೇ ಅದು ಮಾಡುತ್ತದೆ.

ಈ ಜಿಲ್ಲೆಯಲ್ಲಿ ಖಾಲಿಯನ್ನು ‘ಇಲ್ಲ’ ಎಂದು ಓದುವುದರ ಬಿಸಿ ಇವತ್ತು ಹೆಚ್ಚು ತಟ್ಟಿರುವುದು ಗದ್ದೆಗಿಂತ ಕಾಡಂಚಿನಲ್ಲಿ. ಉತ್ತರ ಕನ್ನಡದ ಬಹುಪಾಲು ನೆಲ ಅರಣ್ಯದ ಲೆಕ್ಕದಲ್ಲಿದೆ. ಬೆಟ್ಟ, ಬೇಣ, ಹಾಡಿಗಳ ನಡುವೆ ಮನೆ ಮಾಡಿ ಸಾಗುವಳಿ ಮಾಡಿಕೊಂಡವರು ಇಲಾಖೆಯ ಭಾಷೆಯಲ್ಲಿ ಅತಿಕ್ರಮಣದಾರರು. 2006ರ ಅರಣ್ಯ ಹಕ್ಕು ಕಾಯ್ದೆ ಅವರಿಗೊಂದು ದಾರಿ ತೆರೆಯಿತು. ಪರಿಶಿಷ್ಟ ಪಂಗಡಕ್ಕೆ ಸೇರದವರು 2005ರ ಡಿಸೆಂಬರ್ 13ಕ್ಕೆ ಹಿಂದೆ ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿ ನೆಲೆಸಿದ್ದನ್ನು ತೋರಿಸಬೇಕು. 1930ರ ಕಾಡಂಚಿನ ಗುಡಿಸಲಿಗೆ ಯಾವ ಕಾಲಂನಲ್ಲಿ ನಮೂದು ಸಿಕ್ಕೀತು? ಕಾಯ್ದೆಯ ನಿಯಮಗಳನ್ನು ಬರೆದವರಿಗೆ ಈ ಖಾಲಿಯ ಅರಿವಿತ್ತು. ಆದ್ದರಿಂದಲೇ ಸರ್ಕಾರಿ ದಾಖಲೆಯ ಜೊತೆಗೆ ಹಿರಿಯರು ಹೇಳಿ ಬರೆಸಿದ ಮಾತನ್ನೂ, ಹಳೆಯ ಬಾವಿ, ಮನೆ, ಸ್ಮಶಾನದ ಕುರುಹುಗಳನ್ನೂ ಸಾಕ್ಷ್ಯವೆಂದು ಸೇರಿಸಿದರು. ಅರ್ಜಿಗಳು ಈಗ ಕಂಪ್ಯೂಟರಿನಲ್ಲಿ ಎಣಿಕೆಯಾಗುತ್ತವೆ. ಆ ಎಣಿಕೆಯಲ್ಲಿ ತಿರಸ್ಕೃತ ಎಂಬ ಒಂದೇ ಮೊತ್ತವಿದ್ದರೆ, 75 ವರ್ಷ ಇರಲಿಲ್ಲ ಎಂದು ವಿಚಾರಣೆಯಲ್ಲಿ ರುಜುವಾದವರೂ, ದಾಖಲೆ ಲಗತ್ತಿಸಿಲ್ಲ ಎಂಬ ಕಾರಣಕ್ಕೆ ಬಿದ್ದುಹೋದವರೂ, ಹಿರಿಯರ ಹೇಳಿಕೆಯನ್ನು ಯಾರೂ ಪಡೆದುಕೊಳ್ಳದೆ ಉಳಿದವರೂ ಅದೇ ಒಂದು ಅಂಕಿಯೊಳಗೆ ಸೇರಿಹೋಗುತ್ತಾರೆ. ಮೊದಲನೆಯವರ ಅರ್ಜಿಗೆ ಉತ್ತರ ಸಿಕ್ಕಿದೆ. ಉಳಿದ ಎರಡು ಬಗೆಯವರ ಅರ್ಜಿಗಳು ಇನ್ನೂ ವಿಚಾರಣೆಯಾಗಬೇಕಾದ ಅರ್ಜಿಗಳು, ಅವನ್ನು ಬೇರೆ ಕಾಲಂನಲ್ಲಿ ಎಣಿಸಿ ಮತ್ತೆ ಗ್ರಾಮ ಅರಣ್ಯ ಹಕ್ಕು ಸಮಿತಿಯ ಮುಂದಿಡಬೇಕು.